ಕನ್ನಡ ಅಕ್ಷರ, ಜಾಲವಿಳಾಸ ಮತ್ತು ಅಂತರರಾಷ್ಟ್ರೀಯ ಶಿಷ್ಟತೆಗಳು: ಅರ್ಜಿದಾರರಿಗೆ ಮಾಹಿತಿ

ಸರ್ಕಾರಿ ಸೇವೆಗಳಿಗಾಗಿ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರಿಂದ ಮೂರು ಪ್ರಶ್ನೆಗಳು ಪದೇ ಪದೇ ಕೇಳಿಬರುತ್ತವೆ. ಅರ್ಜಿಯ ಕನ್ನಡ ಪಠ್ಯವು ಯೂನಿಕೋಡ್‌ನಲ್ಲಿಯೇ ಇರಬೇಕೆಂದು ಏಕೆ ಸೂಚಿಸಲಾಗುತ್ತದೆ? ಎರಡು ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಕಾಣಿಸಿದರೂ ಗಣಕಯಂತ್ರವು ಅವು ತಾಳೆಯಾಗುತ್ತಿಲ್ಲವೆಂದು ಏಕೆ ತಿಳಿಸುತ್ತದೆ? ತೆರೆದಿರುವ ಜಾಲತಾಣವು ಸರ್ಕಾರದ್ದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಮೇಲ್ನೋಟಕ್ಕೆ ಇವು ಬೇರೆ ಬೇರೆ ವಿಷಯಗಳಾಗಿ ತೋರುತ್ತವೆ. ಆದರೆ ಈ ಮೂರಕ್ಕೂ ಉತ್ತರವು ಯಾವುದೇ ಒಂದು ಇಲಾಖೆಯ ಅಥವಾ ರಾಜ್ಯದ ಆದೇಶದಲ್ಲಿ ದೊರೆಯುವುದಿಲ್ಲ. ಹಲವು ರಾಷ್ಟ್ರಗಳ ತಜ್ಞರು, ಸಂಸ್ಥೆಗಳು ಮತ್ತು ಸರ್ಕಾರಗಳು ಪರಸ್ಪರ ಸಮ್ಮತಿಯಿಂದ ಒಪ್ಪಿಕೊಂಡಿರುವ ತಾಂತ್ರಿಕ ಶಿಷ್ಟತೆಗಳಲ್ಲಿ ಅದು ಅಡಗಿದೆ. ಸದರಿ ಶಿಷ್ಟತೆಗಳ ಹಿನ್ನೆಲೆಯನ್ನೂ, ಅರ್ಜಿದಾರರ ಮೇಲೆ ಅವು ಬೀರುವ ಪರಿಣಾಮವನ್ನೂ ಇಲ್ಲಿ ವಿವರಿಸಲಾಗಿದೆ.

ಅಕ್ಷರಕ್ಕೊಂದು ಸಂಖ್ಯೆ

ಗಣಕಯಂತ್ರವು ಅಕ್ಷರವನ್ನು ಅಕ್ಷರವಾಗಿ ಅರಿಯದು, ಸಂಖ್ಯೆಯಾಗಿ ಮಾತ್ರ ಅರಿಯುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದರಲ್ಲಿ ಕಳುಹಿಸುವವರಿಗೂ ಪಡೆಯುವವರಿಗೂ ಒಮ್ಮತವಿಲ್ಲದಿದ್ದರೆ ಪಠ್ಯವು ಅರ್ಥಹೀನವಾಗುತ್ತದೆ. 1990ರ ದಶಕದಲ್ಲಿಯೂ ಅನಂತರದ ಕೆಲವು ವರ್ಷಗಳಲ್ಲಿಯೂ ಬಳಕೆಯಲ್ಲಿದ್ದ ಬಹುತೇಕ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಮತ್ತು ಇತರ ಐರೋಪ್ಯ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸಿಕೊಂಡಿದ್ದವು. ಅದೇ ಫಾಂಟ್ ಇರುವ ಗಣಕದಲ್ಲಿ ಪಠ್ಯವು ಕನ್ನಡವಾಗಿ ಕಾಣುತ್ತಿತ್ತು. ಫಾಂಟ್ ಇಲ್ಲದ ಗಣಕದಲ್ಲಿ ಅದೇ ಕಡತವು ಇಂಗ್ಲಿಷ್ ಅಕ್ಷರಗಳ ಹಾಗೂ ಚಿಹ್ನೆಗಳ ರಾಶಿಯಾಗುತ್ತಿತ್ತು. ಹಳೆಯ ಕಡತದಿಂದ ಪಠ್ಯವನ್ನು ನಕಲಿಸಿ ಇಂದಿನ ಅರ್ಜಿ ನಮೂನೆಗೆ ಅಂಟಿಸಿದವರಿಗೆ ಈ ಅನುಭವ ಹೊಸದಲ್ಲ.

ರಾಜ್ಯದೊಳಗೆ ಈ ಗೊಂದಲವನ್ನು ತಗ್ಗಿಸುವ ಪ್ರಯತ್ನಗಳು ನಡೆದವು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯನ್ನು ರಾಜ್ಯದ ಶಿಷ್ಟ ಕೀಲಿಮಣೆಯಾಗಿ ಅಂಗೀಕರಿಸಲಾಯಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವು ಕಚೇರಿಗಳಲ್ಲಿ ಬಳಕೆಗೆ ಬಂದಿತು. ಇದರಿಂದ ಕಚೇರಿ ಕಚೇರಿಗಳ ನಡುವೆ ಕಡತಗಳ ವಿನಿಮಯ ಸುಗಮವಾಯಿತೆಂಬುದು ನಿಜ. ಆದರೆ ರಾಜ್ಯವೊಂದು ತನ್ನೊಳಗೆ ಮಾಡಿಕೊಂಡ ಏರ್ಪಾಡನ್ನು ಬೇರೆ ದೇಶದಲ್ಲಿ ತಯಾರಾಗುವ ಕಾರ್ಯನಿರ್ವಹಣಾ ತಂತ್ರಾಂಶವಾಗಲಿ, ಬ್ರೌಸರ್ ಆಗಲಿ, ಮೊಬೈಲ್ ದೂರವಾಣಿಯಾಗಲಿ ತಿಳಿದಿರಬೇಕಾದ ಕಾರಣವಿಲ್ಲ. ಅಕ್ಷರದ ಸಂಖ್ಯೆಯು ಜಗತ್ತಿನಾದ್ಯಂತ ಒಂದೇ ಆಗಿರಬೇಕು. ಆಗ ಮಾತ್ರ ಕಲಬುರಗಿಯಲ್ಲಿ ಟೈಪು ಮಾಡಿದ ಹೆಸರು ದುಬೈನಲ್ಲಿರುವ ಮಗನ ಮೊಬೈಲ್‌ನಲ್ಲಿಯೂ ಅದೇ ಹೆಸರಾಗಿ ಕಾಣುತ್ತದೆ.

ಈ ಉದ್ದೇಶಕ್ಕಾಗಿ 1991ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಯೂನಿಕೋಡ್ ಒಕ್ಕೂಟವು ನೋಂದಣಿಯಾಯಿತು. ಅದೇ ವರ್ಷ ಯೂನಿಕೋಡ್‌ನ ಮೊದಲ ಆವೃತ್ತಿ ಪ್ರಕಟವಾಯಿತು. ಕನ್ನಡವು ಅದರಲ್ಲಿ ಆರಂಭದಿಂದಲೂ ಸ್ಥಾನ ಪಡೆದಿದೆ. ಭಾರತೀಯ ಲಿಪಿಗಳ ಜೋಡಣೆಗೆ ಭಾರತದಲ್ಲಿ 1988ರಲ್ಲಿ ಸಿದ್ಧವಾಗಿದ್ದ ಇಸ್ಕಿ ಸಂಕೇತಾವಳಿಯೇ ಆಧಾರವಾಯಿತು. ಈ ಸಂಕೇತಾವಳಿಯನ್ನು 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಪರಿಷ್ಕರಿಸಿ ರಾಷ್ಟ್ರೀಯ ಮಾನಕವಾಗಿ ಪ್ರಕಟಿಸಿತು. ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಮೀಸಲಿಡಲಾಗಿದ್ದು, 'ಕ' ಅಕ್ಷರದ ಸಂಖ್ಯೆ 3221 ಆಗಿದೆ. ತೆಲುಗಿನ ಅದೇ ಅಕ್ಷರದ ಸಂಖ್ಯೆ 3093, ಅಂದರೆ ಸರಿಯಾಗಿ 128 ಕಡಿಮೆ. ಇಸ್ಕಿಯ ಕ್ರಮವನ್ನು ಎಲ್ಲ ಭಾರತೀಯ ಲಿಪಿಗಳಿಗೂ ಅನ್ವಯಿಸಿದ್ದರಿಂದ ಈ ಹೊಂದಾಣಿಕೆ ಬಂದಿದೆ.

ಯೂನಿಕೋಡ್ ಒಕ್ಕೂಟವು ಸರ್ಕಾರಗಳ ನಡುವಿನ ಒಪ್ಪಂದದಿಂದ ರಚಿತವಾದುದಲ್ಲ. ತಂತ್ರಾಂಶ ಸಂಸ್ಥೆಗಳು, ಶೈಕ್ಷಣಿಕ ಸಂಸ್ಥೆಗಳು ಹಾಗೂ ಕೆಲವು ಸರ್ಕಾರಗಳು ಶುಲ್ಕ ತೆತ್ತು ಅದರ ಸದಸ್ಯರಾಗುತ್ತವೆ. ಭಾರತ ಸರ್ಕಾರವೂ ಸದಸ್ಯತ್ವ ಪಡೆದು ಭಾಗವಹಿಸಿದೆ. ಇದಕ್ಕೆ ಸಮಾನಾಂತರವಾಗಿ ಅಂತರರಾಷ್ಟ್ರೀಯ ಮಾನಕೀಕರಣ ಸಂಸ್ಥೆಯು 10646 ಸಂಖ್ಯೆಯ ಮಾನಕವನ್ನು 1993ರಲ್ಲಿ ಪ್ರಕಟಿಸಿತು. ಅಲ್ಲಿ ಮತದಾನದ ಹಕ್ಕು ಇರುವುದು ಆಯಾ ದೇಶದ ಮಾನಕ ಸಂಸ್ಥೆಗೆ. ಎರಡೂ ಪಟ್ಟಿಗಳನ್ನು ಒಂದೇ ಆಗಿ ಉಳಿಸಿಕೊಳ್ಳಲು ಉಭಯ ಸಂಸ್ಥೆಗಳು ಒಪ್ಪಿವೆ. ಒಂದು ಕಡೆ ಉದ್ಯಮ, ಇನ್ನೊಂದು ಕಡೆ ರಾಷ್ಟ್ರಗಳು. ಇಬ್ಬರೂ ಒಪ್ಪಿದರೆ ಮಾತ್ರ ಅಕ್ಷರಕ್ಕೆ ಸಂಖ್ಯೆ. ಇ-ಆಡಳಿತದಲ್ಲಿ ಯೂನಿಕೋಡ್ ಬಳಸಬೇಕೆಂದು ಭಾರತ ಸರ್ಕಾರವು 2009ರ ನವೆಂಬರ್‌ನಲ್ಲಿ ಅಧಿಸೂಚಿಸಿತು. ಹೀಗಾಗಿ ಅರ್ಜಿ ನಮೂನೆಯಲ್ಲಿ ಕಾಣುವ ಯೂನಿಕೋಡ್ ಸೂಚನೆಯನ್ನು ಕೇವಲ ಕಚೇರಿಯ ಅನುಕೂಲಕ್ಕೆ ಹಾಕಿದ ಷರತ್ತೆಂದು ಭಾವಿಸಬಾರದು.

ಹೆಸರು ತಾಳೆಯಾಗದಿರಲು ಕಾರಣಗಳು

ಯೂನಿಕೋಡ್ ಬಳಸಿದ ಮಾತ್ರಕ್ಕೆ ಎಲ್ಲ ತೊಡಕುಗಳೂ ನಿವಾರಣೆಯಾಗುವುದಿಲ್ಲ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಬರವಣಿಗೆಗಳು ಸಂಖ್ಯೆಗಳ ದೃಷ್ಟಿಯಿಂದ ಬೇರೆಯಾಗಿರಬಹುದು. ಪಡಿತರ ಚೀಟಿ, ಪಹಣಿ, ಶಾಲಾ ದಾಖಲೆಗಳಲ್ಲಿನ ಹೆಸರುಗಳನ್ನು ಗಣಕವು ಹೋಲಿಸುವುದು ಸಂಖ್ಯೆಗಳನ್ನು ನೋಡಿಯೇ ಹೊರತು ರೂಪವನ್ನು ನೋಡಿ ಅಲ್ಲ. ವ್ಯತ್ಯಾಸವಿದೆಯೆಂದು ಅದು ತಿಳಿಸಿದಾಗ ಅರ್ಜಿ ಬಾಕಿ ಉಳಿಯುತ್ತದೆ, ಅರ್ಜಿದಾರರು ಮತ್ತೆ ಕಚೇರಿಗೆ ಬರಬೇಕಾಗುತ್ತದೆ. ಅವರ ಕೈಯಲ್ಲಿರುವ ಕಾಗದದಲ್ಲಿ ಮಾತ್ರ ಯಾವ ತಪ್ಪೂ ಕಾಣುವುದಿಲ್ಲ.

ಇವುಗಳಲ್ಲಿ ತೀರ ಸಾಮಾನ್ಯವಾದುದು ಸೊನ್ನೆಯ ತಪ್ಪು. ಅನುಸ್ವಾರದ ಸಂಖ್ಯೆ 3202, ಕನ್ನಡದ ಅಂಕಿ ಸೊನ್ನೆಯ ಸಂಖ್ಯೆ 3302. ಎರಡೂ ಪರದೆಯ ಮೇಲೆ ದುಂಡಾಗಿಯೇ ಕಾಣುತ್ತವೆ. 'ಮಂಜುನಾಥ' ಎಂಬಲ್ಲಿ ಅನುಸ್ವಾರದ ಬದಲು ಅಂಕಿ ಸೊನ್ನೆಯನ್ನು ಒತ್ತಿದರೆ 'ಮ೦ಜುನಾಥ' ಎಂದಾಗುತ್ತದೆ. ಓದುವವರಿಗೆ ಇದು ಗೊತ್ತಾಗುವುದೇ ಕಷ್ಟ. ಗಣಕಕ್ಕೆ ಮಾತ್ರ ಇದು ನಡುವೆ ಅಂಕಿಯೊಂದನ್ನು ಹೊಂದಿರುವ, ಸಂಪೂರ್ಣ ಬೇರೆಯಾದ ಪದ. ಹಳೆಯ ಸಂಕೇತದ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗಲೂ ಈ ತಪ್ಪು ನುಸುಳುವುದುಂಟು.

ಎರಡನೆಯದು ಕಾಣದ ಸಂಕೇತಗಳಿಗೆ ಸಂಬಂಧಿಸಿದ್ದು. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಲು 'ಜ್' ಆದ ಮೇಲೆ ಒಂದು ಅಗೋಚರ ಸಂಕೇತವನ್ನು ಸೇರಿಸಬೇಕಾಗುತ್ತದೆ. ಅದರ ಸಂಖ್ಯೆ 8204. ಅದು ಇಲ್ಲದಿದ್ದರೆ 'ರಾಜ್ಕುಮಾರ್' ಎಂದು ಒತ್ತಕ್ಷರವಾಗುತ್ತದೆ. ಇಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದರಿಂದ ತಿದ್ದಿಕೊಳ್ಳಬಹುದು. ಆದರೆ 'ಸುರೇಶ್' ಎಂಬಂತೆ ಹಲಂತದಲ್ಲಿ ಮುಗಿಯುವ ಹೆಸರಿನ ಕೊನೆಯಲ್ಲಿ ಇದೇ ಸಂಕೇತ ಉಳಿದುಕೊಂಡರೆ ಪರದೆಯ ಮೇಲಾಗಲಿ ಮುದ್ರಿತ ಪ್ರತಿಯಲ್ಲಾಗಲಿ ಅದರ ಸುಳಿವೇ ಇರುವುದಿಲ್ಲ.

ಮೂರನೆಯದು ಸ್ವರಚಿಹ್ನೆಗಳಿಗೆ ಸಂಬಂಧಿಸಿದ್ದು. 'ಗೋಪಾಲ' ಎಂಬಲ್ಲಿನ ಓಕಾರದ ಚಿಹ್ನೆಗೆ ತನ್ನದೇ ಆದ ಒಂದು ಸಂಖ್ಯೆಯಿದೆ. ಅದನ್ನೇ ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಮೂರು ಬಿಡಿ ಸಂಖ್ಯೆಗಳಾಗಿಯೂ ದಾಖಲಿಸಬಹುದು. ಇವೆರಡೂ ಸಮಾನವೆಂದು ಯೂನಿಕೋಡ್ ಶಿಷ್ಟತೆಯೇ ಘೋಷಿಸಿದೆ ಮತ್ತು ಹೋಲಿಸುವ ಮೊದಲು ಒಂದೇ ರೂಪಕ್ಕೆ ತರುವ ವಿಧಾನವನ್ನೂ ನಿಗದಿಪಡಿಸಿದೆ. ತಂತ್ರಾಂಶವು ಆ ವಿಧಾನವನ್ನು ಅನುಸರಿಸಿದರೆ ತೊಂದರೆಯಿಲ್ಲ. ಅನುಸರಿಸದಿದ್ದಲ್ಲಿ ಹೊಣೆ ತಂತ್ರಾಂಶದ್ದೇ ವಿನಾ ಅರ್ಜಿದಾರರದ್ದಲ್ಲ.

ಕಿರುಸಂದೇಶಗಳ ವಿಷಯವನ್ನೂ ಇಲ್ಲಿಯೇ ಹೇಳಬಹುದು. ಇಂಗ್ಲಿಷ್‌ನ ಒಂದು ಕಿರುಸಂದೇಶದಲ್ಲಿ 160 ಅಕ್ಷರಗಳಿಗೆ ಅವಕಾಶವಿದ್ದರೆ, ಯೂನಿಕೋಡ್ ಕನ್ನಡದಲ್ಲಿ 70 ಸಂಕೇತಗಳಿಗೆ ಮಾತ್ರ ಅವಕಾಶವಿದೆ. ಕಾಗುಣಿತ ಮತ್ತು ಒತ್ತುಗಳು ಪ್ರತ್ಯೇಕವಾಗಿ ಎಣಿಕೆಯಾಗುವುದರಿಂದ ವಾಸ್ತವವಾಗಿ ಸಿಗುವ ಅಕ್ಷರಗಳು ಇನ್ನೂ ಕಡಿಮೆ. ಕನ್ನಡದ ಸಂದೇಶಗಳು ಅತಿ ಚುಟುಕಾಗಿರುವುದಕ್ಕೆ ಇದೂ ಒಂದು ಕಾರಣ.

ತಿದ್ದಲಾಗದ ಹೆಸರು

ಶಿಷ್ಟತೆಯನ್ನು ರೂಪಿಸುವಾಗ ಭಾಷೆಯನ್ನು ಬಲ್ಲವರು ಹಾಜರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲಿಯೇ ಒಂದು ನಿದರ್ಶನವಿದೆ. ಹಳಗನ್ನಡದ ಶಾಸನಗಳಲ್ಲಿ ಕಾಣಸಿಗುವ 'ೞ' ಅಕ್ಷರಕ್ಕೆ 3294 ಸಂಖ್ಯೆಯನ್ನು ನೀಡಲಾಗಿದೆ. ಆದರೆ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು 'ಕನ್ನಡ ಲೆಟರ್ ಫ' ಎಂದು ದಾಖಲಾಗಿದೆ. ಇಂಗ್ಲಿಷ್ ಪದಗಳಲ್ಲಿ ಬರುವ 'ಫ'ದ ಉಚ್ಚಾರಣೆಗೂ ಈ ಅಕ್ಷರಕ್ಕೂ ಯಾವ ಸಂಬಂಧವೂ ಇಲ್ಲವೆಂಬುದು ಹಳಗನ್ನಡವನ್ನು ಓದಿದ ಯಾರಿಗಾದರೂ ತಿಳಿದ ಸಂಗತಿ. ಇಷ್ಟಾದರೂ ಆ ಹೆಸರನ್ನು ಬದಲಿಸುವಂತಿಲ್ಲ. ಒಮ್ಮೆ ನೀಡಿದ ಸಂಖ್ಯೆಯನ್ನಾಗಲಿ ಹೆಸರನ್ನಾಗಲಿ ಎಂದಿಗೂ ಬದಲಿಸತಕ್ಕದ್ದಲ್ಲ ಎಂಬುದು ಯೂನಿಕೋಡ್‌ನ ಸ್ಥಿರತೆಯ ನಿಯಮ. ಸರಿಯಾದ ಹೆಸರನ್ನು ಪರ್ಯಾಯವೆಂದು ಪಕ್ಕದಲ್ಲಿ ಸೇರಿಸಿ ಅಷ್ಟಕ್ಕೆ ತೃಪ್ತಿಪಡಬೇಕಾಯಿತು.

ಈ ನಿಯಮವು ಕಠಿಣವೆನಿಸಿದರೂ ಅನಗತ್ಯವಲ್ಲ. ಇಂದು ಸಂಗ್ರಹಿಸಿದ ಭೂದಾಖಲೆಯನ್ನು ಐವತ್ತು ವರ್ಷಗಳ ನಂತರವೂ ಓದಬೇಕಾದರೆ ಸಂಖ್ಯೆಗಳು ಕದಲಬಾರದು. ಆ ಭರವಸೆಗಾಗಿ ಒಂದು ತಪ್ಪು ಹೆಸರನ್ನು ಶಾಶ್ವತವಾಗಿ ಸಹಿಸಿಕೊಳ್ಳಬೇಕಾಗಿದೆ. ಆದ್ದರಿಂದ ಅಭಿಪ್ರಾಯ ಹೇಳಬೇಕಾದ ಸಮಯವು ಅಕ್ಷರ ಸೇರ್ಪಡೆಯಾಗುವುದಕ್ಕೆ ಮುನ್ನವೇ.

ಸೇರ್ಪಡೆಗಳಿಗೆ ಅವಕಾಶ ಮುಕ್ತವಾಗಿಯೇ ಇದೆ. ಅವಗ್ರಹ ಚಿಹ್ನೆಯು 2003ರಲ್ಲಿ, ಜಿಹ್ವಾಮೂಲೀಯ ಮತ್ತು ಉಪಧ್ಮಾನೀಯಗಳು 2006ರಲ್ಲಿ, ನಕಾರ ಪೊಲ್ಲು 2021ರಲ್ಲಿ ಕನ್ನಡದ ಪಟ್ಟಿಗೆ ಸೇರಿದವು. 2022ರಲ್ಲಿ ಅನುನಾಸಿಕ ಉಚ್ಚಾರಣೆಗಾಗಿ ಅಕ್ಷರದ ಬಲಮೇಲ್ಭಾಗದಲ್ಲಿ ಬರೆಯುವ ಅನುಸ್ವಾರವೂ ಸೇರಿತು. 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಪ್ರತ್ಯೇಕ ಸ್ಥಾನ ದೊರೆಯಿತು. ಪ್ರಸ್ತಾವನೆಯನ್ನು ಯಾರು ಬೇಕಾದರೂ ಸಲ್ಲಿಸಬಹುದು, ಸರ್ಕಾರದ ಮೂಲಕವೇ ಬರಬೇಕೆಂಬ ನಿರ್ಬಂಧವಿಲ್ಲ. ಆದರೆ ಹಸ್ತಪ್ರತಿ, ಶಾಸನ ಅಥವಾ ಮುದ್ರಿತ ಪುಸ್ತಕಗಳಿಂದ ಬಳಕೆಯ ಆಧಾರಗಳನ್ನು ಒದಗಿಸಬೇಕಾಗುತ್ತದೆ. ಕೇವಲ ಬೇಡಿಕೆಯಿಂದ ಅಕ್ಷರವು ಮಂಜೂರಾಗುವುದಿಲ್ಲ.

ಜಾಲವಿಳಾಸಗಳ ನಿರ್ವಹಣೆ

ಅಕ್ಷರಗಳಂತೆಯೇ ಜಾಲವಿಳಾಸಗಳ ಹಿಂದೆಯೂ ಸಂಖ್ಯೆಗಳಿವೆ. ಬಳಕೆದಾರರು ಹೆಸರನ್ನು ನಮೂದಿಸುತ್ತಾರೆ, ಜಾಲವು ಅದನ್ನು ಸಂಬಂಧಪಟ್ಟ ಗಣಕದ ಸಂಖ್ಯೆಗೆ ಪರಿವರ್ತಿಸುತ್ತದೆ. ಈ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದರು. ಇದು ಮೆಟ್ಟಿಲುಗಳಂತೆ ರಚನೆಯಾಗಿದ್ದು, ವಿಳಾಸದ ಬಲತುದಿಯ ಭಾಗವೇ ಮೇಲಿನ ಮೆಟ್ಟಿಲು. ಭಾರತಕ್ಕೆ 'ಐಎನ್' ಎಂಬ ಎರಡಕ್ಷರ ಬಂದಿರುವುದು ಅಂತರರಾಷ್ಟ್ರೀಯ ಮಾನಕೀಕರಣ ಸಂಸ್ಥೆಯ ದೇಶಸಂಕೇತಗಳ ಪಟ್ಟಿಯಿಂದ. ಯಾವುದು ದೇಶ, ಯಾವುದು ಅಲ್ಲ ಎಂಬ ವಿವಾದಕ್ಕೆ ತಂತ್ರಜ್ಞರು ಸಿಲುಕಬಾರದೆಂದು ಜಾನ್ ಪೋಸ್ಟೆಲ್ ಅವರು ಆಗಲೇ ಇದ್ದ ಈ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡರು. ದೂರದೃಷ್ಟಿಯ ತೀರ್ಮಾನವದು.

ಎಲ್ಲಕ್ಕಿಂತ ಮೇಲಿರುವ ಪಟ್ಟಿಗೆ ಮೂಲವಲಯವೆಂದು ಹೆಸರು. 13 ಹೆಸರುಗಳುಳ್ಳ ಮೂಲ ಸರ್ವರ್‌ಗಳು ಈ ಪಟ್ಟಿಯನ್ನು ಒದಗಿಸುತ್ತವೆ. ಅವುಗಳನ್ನು ನಿರ್ವಹಿಸುವ ಸಂಸ್ಥೆಗಳು 12. ಸರ್ವರ್‌ಗಳ ಹೆಸರು 13 ಇದ್ದರೂ ಪ್ರತಿಗಳು ಜಗತ್ತಿನ ನಾನಾ ಭಾಗಗಳಲ್ಲಿ ಸಾವಿರಕ್ಕೂ ಮಿಗಿಲಾಗಿವೆ. ಮೂಲವಲಯದ ನಿರ್ವಹಣೆಯನ್ನು ಅನೇಕ ವರ್ಷ ಪೋಸ್ಟೆಲ್ ಅವರೇ ನೋಡಿಕೊಂಡರು. 1998ರಲ್ಲಿ ಐಕಾನ್ ಸಂಸ್ಥೆ ಸ್ಥಾಪನೆಯಾಗಿ ಆ ಹೊಣೆಯನ್ನು ವಹಿಸಿಕೊಂಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪೋಸ್ಟೆಲ್ ನಿಧನರಾದರು.

ಐಕಾನ್ ಸಂಸ್ಥೆಯು ಅಮೆರಿಕ ಸರ್ಕಾರದ ವಾಣಿಜ್ಯ ಇಲಾಖೆಯೊಂದಿಗಿನ ಕರಾರಿನ ಮೇಲೆ ಈ ಕಾರ್ಯ ನಿರ್ವಹಿಸುತ್ತಿದ್ದುದು ಇತರ ರಾಷ್ಟ್ರಗಳ ಆಕ್ಷೇಪಕ್ಕೆ ಕಾರಣವಾಗಿತ್ತು. ಜಗತ್ತಿನ ಸಮಸ್ತರೂ ಬಳಸುವ ಪಟ್ಟಿಗೆ ಒಂದೇ ಸರ್ಕಾರ ಮೇಲ್ವಿಚಾರಕನಾಗುವುದು ಸರಿಯೇ ಎಂಬ ಪ್ರಶ್ನೆ 2003ರ ಜಿನೀವಾ ಮತ್ತು 2005ರ ಟ್ಯುನಿಸ್ ಶೃಂಗಸಭೆಗಳಲ್ಲಿ ಚರ್ಚೆಗೆ ಬಂದಿತು. ಚರ್ಚೆಯನ್ನು ಮುಂದುವರಿಸಲು ಇಂಟರ್ನೆಟ್ ಆಡಳಿತ ವೇದಿಕೆ ರಚನೆಯಾಯಿತು. ಅದರ 2008ರ ಸಭೆ ಹೈದರಾಬಾದಿನಲ್ಲಿ ನಡೆಯಿತು. ಭಾರತವು 2011ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ 50 ರಾಷ್ಟ್ರಗಳ ಸಮಿತಿಯೊಂದನ್ನು ರಚಿಸಬೇಕೆಂಬ ಪ್ರಸ್ತಾವವನ್ನಿಟ್ಟಿತ್ತು. ಆದರೆ 2015ರಲ್ಲಿ ಸರ್ಕಾರಗಳಲ್ಲದೆ ಉದ್ಯಮ, ತಂತ್ರಜ್ಞರು ಹಾಗೂ ನಾಗರಿಕ ಸಂಘಟನೆಗಳೂ ಪಾಲುಗೊಳ್ಳುವ ವಿಧಾನಕ್ಕೆ ಬೆಂಬಲ ಘೋಷಿಸಿತು. ಅಮೆರಿಕ ಸರ್ಕಾರದೊಂದಿಗಿನ ಕರಾರು 2016ರ ಅಕ್ಟೋಬರ್ 1ರಂದು ಕೊನೆಗೊಂಡಿತು. ಆ ಬಳಿಕ ಐಕಾನ್‌ನ ಮೊದಲ ಸಾರ್ವಜನಿಕ ಸಭೆಯು ಅದೇ ನವೆಂಬರ್‌ನಲ್ಲಿ ಹೈದರಾಬಾದಿನಲ್ಲಿಯೇ ಜರುಗಿತು. ಐಕಾನ್‌ನಲ್ಲಿ ಸರ್ಕಾರಗಳಿಗೆ ಸಲಹಾ ಸಮಿತಿಯ ಸ್ಥಾನವಿದೆ. ಅವು ಸಲಹೆ ನೀಡಬಲ್ಲವೇ ಹೊರತು ಆದೇಶ ನೀಡಲಾರವು.

ಮೂಲವಲಯಕ್ಕೆ 2010ರ ಜುಲೈನಿಂದ ಗಣಕೀಯ ಸಹಿಯ ರಕ್ಷಣೆಯೂ ಇದೆ. ಈ ಸಹಿಯ ಮುಖ್ಯ ಕೀಲಿಯನ್ನು ಬಳಸುವ ಕಾರ್ಯವು ವಿವಿಧ ದೇಶಗಳಿಂದ ಆಯ್ಕೆಯಾದ ಪ್ರತಿನಿಧಿಗಳ ಸಮಕ್ಷಮದಲ್ಲಿ ನಡೆಯುತ್ತದೆ. ಬ್ಯಾಂಕಿನ ಲಾಕರ್ ತೆರೆಯಲು ಇಬ್ಬರ ಬೀಗದ ಕೈ ಬೇಕಾಗುವಂತೆ ಇಲ್ಲಿಯೂ ಒಬ್ಬರಿಂದ ಏನೂ ಸಾಧ್ಯವಿಲ್ಲ.

ಕನ್ನಡದ ಜಾಲವಿಳಾಸ ಮತ್ತು ತೆಲುಗಿನ ಹೋಲಿಕೆ

ಜಾಲವಿಳಾಸಗಳಲ್ಲಿ ಮೊದಲು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆಗೆ ಮಾತ್ರ ಅವಕಾಶವಿತ್ತು. ಇತರ ಲಿಪಿಗಳ ದೇಶನಾಮಗಳಿಗೆ ಐಕಾನ್ 2009ರ ನವೆಂಬರ್‌ನಿಂದ ಅರ್ಜಿಗಳನ್ನು ಸ್ವೀಕರಿಸತೊಡಗಿತು. ಭಾರತಕ್ಕೆ ಮೊದಲ ಕಂತಿನಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಗುರುಮುಖಿ, ತಮಿಳು, ತೆಲುಗು ಮತ್ತು ಉರ್ದು ಲಿಪಿಗಳ ಹೆಸರುಗಳು ದೊರೆತವು. '.ಭಾರತ' ಎಂಬ ಕನ್ನಡದ ಹೆಸರು ಬಂದದ್ದು ಆ ನಂತರದ ಕಂತಿನಲ್ಲಿ.

ಇಲ್ಲಿ ಕನ್ನಡಕ್ಕೇ ವಿಶಿಷ್ಟವಾದ ಒಂದು ತೊಡಕು ಎದುರಾಯಿತು. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದಿಂದ ಬಂದವು. ಅನುಸ್ವಾರ, 'ಗ', 'ಜ', 'ರ' ಮೊದಲಾದವು ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ ರೂಪದಲ್ಲಿವೆ. ಸಂಖ್ಯೆಗಳು ಮಾತ್ರ ಬೇರೆ. ಕನ್ನಡದಲ್ಲಿ ನೋಂದಣಿಯಾದ ಹೆಸರಿನಂತೆಯೇ ಕಾಣುವ ಹೆಸರನ್ನು ದುರುದ್ದೇಶವುಳ್ಳವರು ತೆಲುಗು ಅಕ್ಷರಗಳಲ್ಲಿ ಪಡೆದರೆ ಸಾರ್ವಜನಿಕರು ಮೋಸಹೋಗುವ ಸಂಭವವಿದೆ. ಇದನ್ನು ತಡೆಯಲು ಬ್ರಾಹ್ಮೀ ಮೂಲದ ಭಾರತೀಯ ಲಿಪಿಗಳಿಗಾಗಿ ಭಾಷಾತಜ್ಞರೂ ತಂತ್ರಜ್ಞರೂ ಸೇರಿದ ಸ್ವಯಂಸೇವಕರ ಸಮಿತಿಯೊಂದು ಅಕ್ಷರ ಅಕ್ಷರವನ್ನೂ ಹೋಲಿಸಿ ನಿಯಮಾವಳಿಯನ್ನು ಸಿದ್ಧಪಡಿಸಿತು. ಮೂಲವಲಯಕ್ಕೆ ಅನ್ವಯಿಸುವ ಈ ನಿಯಮಾವಳಿಯಲ್ಲಿ ಕನ್ನಡವು 2019ರಲ್ಲಿ ಸೇರ್ಪಡೆಯಾಯಿತು. ಅದರಂತೆ ಒಂದು ಹೆಸರು ಒಬ್ಬರಿಗೆ ಮಂಜೂರಾದ ಮೇಲೆ ಇನ್ನೊಂದು ಲಿಪಿಯಲ್ಲಿ ಅದನ್ನೇ ಹೋಲುವ ಹೆಸರು ಬೇರೆಯವರಿಗೆ ದೊರೆಯುವುದಿಲ್ಲ. ಬಹುತೇಕ ಬ್ರೌಸರ್‌ಗಳೂ ಸಂದೇಹಾಸ್ಪದವಾಗಿ ಲಿಪಿಗಳು ಬೆರೆತಿರುವ ವಿಳಾಸವನ್ನು ಅಕ್ಷರರೂಪದಲ್ಲಿ ತೋರಿಸದೆ, 'ಎಕ್ಸ್‌ಎನ್' ಎಂದು ಆರಂಭವಾಗುವ ಸಂಕೇತರೂಪದಲ್ಲಿ ತೋರಿಸುತ್ತವೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಹಳೆಯ ಕಡತದ ಪಠ್ಯವನ್ನು ನೇರವಾಗಿ ಅಂಟಿಸುವ ಬದಲು ಯೂನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಪೂರ್ತಿಯಾಗಿ ಓದಿ ನೋಡಿದ ನಂತರವೇ ಬಳಸತಕ್ಕದ್ದು. ಹೆಸರು ತಾಳೆಯಾಗುತ್ತಿಲ್ಲವೆಂಬ ಸಂದೇಶ ಬಂದಲ್ಲಿ ಗಾಬರಿಯಾಗುವ ಅಗತ್ಯವಿಲ್ಲ. ನಕಲಿಸಿ ಅಂಟಿಸಿದ ಹೆಸರನ್ನು ಸಂಪೂರ್ಣವಾಗಿ ಅಳಿಸಿ ಕೀಲಿಮಣೆಯಿಂದ ಮತ್ತೊಮ್ಮೆ ಟೈಪು ಮಾಡಿದರೆ ಅಗೋಚರ ಸಂಕೇತಗಳು ತಾವಾಗಿಯೇ ಹೋಗುತ್ತವೆ. ಹೆಸರಿನಲ್ಲಿ ಅನುಸ್ವಾರವಿದ್ದರೆ ಅದನ್ನು ಅಂಕಿಯ ಕೀಲಿಯಿಂದ ಒತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೀಗೆ ಮಾಡಿಯೂ ಸರಿಹೋಗದಿದ್ದರೆ ದೋಷವು ಕಚೇರಿಯ ಮೂಲ ದಾಖಲೆಯಲ್ಲಿರಬಹುದು. ಹೆಸರು ಬದಲಾವಣೆಗಾಗಿ ಪ್ರಮಾಣಪತ್ರ ಮಾಡಿಸಲು ಹಣ ವ್ಯಯಿಸುವುದಕ್ಕೆ ಮೊದಲು, ದಾಖಲೆಯಲ್ಲಿನ ಟೈಪಿಂಗ್ ದೋಷವನ್ನು ಪರಿಶೀಲಿಸುವಂತೆ ಸಂಬಂಧಪಟ್ಟ ಕಚೇರಿಯನ್ನು ಲಿಖಿತವಾಗಿ ಕೋರುವುದು ಸೂಕ್ತ.

ಜಾಲತಾಣದ ವಿಳಾಸವನ್ನು ಬಲತುದಿಯಿಂದ ಎಡಕ್ಕೆ ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಮೊದಲ ಓರೆಗೆರೆಗೆ ಮುನ್ನ ಬರುವ ಕೊನೆಯ ಭಾಗವೇ ನಿರ್ಣಾಯಕ. ಅದು 'ಜಿಒವಿ ಡಾಟ್ ಐಎನ್' ಎಂದಿದ್ದರೆ ಆ ಹೆಸರು ಸರ್ಕಾರಿ ಸಂಸ್ಥೆಗೆ ಮಾತ್ರ ದೊರೆಯುವಂಥದ್ದು. 'ಕರ್ನಾಟಕ', 'ಸೇವಾ', 'ಜಿಒವಿ' ಎಂಬ ಪದಗಳು ವಿಳಾಸದ ನಡುವೆ ಎಲ್ಲೋ ಇದ್ದು, ತುದಿಯಲ್ಲಿ ಬೇರೆ ಹೆಸರಿದ್ದರೆ ಅದನ್ನು ಸರ್ಕಾರಿ ಜಾಲತಾಣವೆಂದು ನಂಬಿ ಆಧಾರ್ ಸಂಖ್ಯೆಯನ್ನಾಗಲಿ, ಶುಲ್ಕವನ್ನಾಗಲಿ ಸಲ್ಲಿಸತಕ್ಕದ್ದಲ್ಲ.

ಇ-ಮೇಲ್ ವಿಳಾಸದಲ್ಲಿಯೂ ಕನ್ನಡವನ್ನು ಬಳಸಲು ಅನುವಾಗುವ ಶಿಷ್ಟತೆಗಳು 2012ರಲ್ಲಿಯೇ ಪ್ರಕಟವಾಗಿವೆ. ಆದರೆ ಶಿಷ್ಟತೆಯನ್ನು ಪಾಲಿಸುವಂತೆ ಯಾರನ್ನೂ ಕಡ್ಡಾಯಪಡಿಸುವ ಅಧಿಕಾರ ಅದನ್ನು ರೂಪಿಸಿದವರಿಗಿಲ್ಲ. ಹಾಗಾಗಿ ಅನೇಕ ಜಾಲತಾಣಗಳ ನಮೂನೆಗಳು ಇಂತಹ ವಿಳಾಸವನ್ನು ತಪ್ಪೆಂದು ತಿರಸ್ಕರಿಸುತ್ತವೆ. ಎಲ್ಲ ಲಿಪಿಗಳ ವಿಳಾಸಗಳೂ ಎಲ್ಲೆಡೆ ಅಂಗೀಕಾರವಾಗಬೇಕೆಂಬ ಉದ್ದೇಶದಿಂದ 2023ರ ಮಾರ್ಚ್ 28ರಂದು ಮೊದಲ ಬಾರಿಗೆ ಸಾರ್ವತ್ರಿಕ ಅಂಗೀಕಾರ ದಿನವನ್ನು ಆಚರಿಸಲಾಯಿತು. ಕನ್ನಡದ ಇ-ಮೇಲ್ ವಿಳಾಸವನ್ನು ಹೊಂದಿರುವವರು ಸದ್ಯಕ್ಕೆ ಅರ್ಜಿಯೊಂದಿಗೆ ಇಂಗ್ಲಿಷ್ ಅಕ್ಷರಗಳ ಪರ್ಯಾಯ ವಿಳಾಸವನ್ನೂ ಸಿದ್ಧವಾಗಿಟ್ಟುಕೊಳ್ಳುವುದು ಒಳಿತು. ನಮೂನೆಯು ಕನ್ನಡದ ವಿಳಾಸವನ್ನು ತಿರಸ್ಕರಿಸಿದಲ್ಲಿ, ಪರದೆಯ ಚಿತ್ರದೊಂದಿಗೆ ಸಂಬಂಧಪಟ್ಟ ಇಲಾಖೆಯ ಸಹಾಯವಾಣಿಗೆ ತಿಳಿಸಬಹುದು.